ಸಾಧುವಿನ ನಲವತ್ತು ದಿನ

ಬಾತ್‌ರೂಮಿನ ನೆಲ ಇವತ್ತೂ ಒಣಗಿತ್ತು. ಅವನು ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಹೊಸ್ತಿಲಲ್ಲೇ ನಿಂತ, ತನ್ನದೇ ಮನೆಯ ಬಾತ್‌ರೂಮಿಗೆ ಹೋಗಲು ಯಾರದೋ ಅಪ್ಪಣೆ ಬೇಕೇನೋ ಅನ್ನುವ ಹಾಗೆ. ಕಿಟಕಿಯ ಕೆಳಗಿನ ಮೂಲೆಯಲ್ಲಿ, ಬಕೆಟ್ಟಿನ ಹಿಂದೆ, ಯಾರು ಸ್ನಾನ ಮಾಡಿದರೂ ಅಂಗೈಯಗಲ ನೀರು ನಿಲ್ಲುತ್ತದೆ. ಎಂಟು ವರ್ಷದಿಂದ ನಿಲ್ಲುತ್ತಲೇ ಬಂದಿದೆ. ಈಗ ಅಲ್ಲಿ ನೀರಿಲ್ಲ, ಬಟ್ಟೆ ಎಳೆದ ಗುರುತು ಮಾತ್ರ. ಒರೆಸಿದವರು ಮಾವ, ಹೆಂಡತಿಯ ಅಪ್ಪ. ಎಪ್ಪತ್ತೊಂದರ ಮನುಷ್ಯ, ಮೊಣಕಾಲು ಮಡಚಿದರೆ ನಲ್ಲಿ ಹಿಡಿದುಕೊಂಡೇ ಏಳಬೇಕು. ಅಂಥವರು ಎಲ್ಲರಿಗಿಂತ ಮೊದಲು ಎದ್ದು, ಸ್ನಾನ ಮುಗಿಸಿ, ಆ ಮೂಲೆಯನ್ನು ಒರೆಸಿ, ಬಟ್ಟೆಯನ್ನು ಹಿಂಡಿ ಕಿಟಕಿಯ ಸರಳಿಗೆ ಹರವಿ, ಹೊರಗೆ ಬಂದು ಪೇಪರು ಹಿಡಿದು ಕೂತಿರುತ್ತಾರೆ. ಅವನ ಸ್ನಾನವಾದ ಮೇಲೂ ಹಾಗೇ. ಅವನು ಬಟ್ಟೆ ಹಾಕಿಕೊಳ್ಳುತ್ತಿರುವಾಗ ನೆಲದ ಮೇಲೆ ಒದ್ದೆ ಬಟ್ಟೆ ಉಜ್ಜುವ ಸದ್ದು ಕೇಳುತ್ತದೆ. ಹೋಗಿ ಅವರ ಕೈಯಿಂದ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ. ಅನ್ನಿಸುತ್ತಲೇ ಅವನು ಶರಟಿನ ಗುಂಡಿ ಹಾಕಿಕೊಳ್ಳುತ್ತಾನೆ, ಮೇಲಿನದು, ಅದರ ಕೆಳಗಿನದು, ಅದರ ಕೆಳಗಿನದು; ಸದ್ದು ನಿಂತ ಮೇಲೆಯೇ ಕೋಣೆಯಿಂದ ಹೊರಗೆ ಬರುತ್ತಾನೆ.

ಈ ನೆಲ ಮಾವನೇ ಹಾಕಿದ್ದು. ಜೀವಮಾನವಿಡೀ ಬೇರೆಯವರ ಮನೆಗೆ ಟೈಲ್ಸ್ ಹಾಕಿದವರು, ಮಗಳ ಮದುವೆಯಾದಾಗ ಈ ಮನೆಗೆ ಬಂದು, ಸಹಾಯಕ್ಕೆ ಯಾರೂ ಬೇಡವೆಂದು, ಮೂರು ದಿನ ಒಬ್ಬರೇ ಕುಕ್ಕರುಗಾಲಲ್ಲಿ ಕೂತು ಹಾಕಿದರು. ಕೊನೆಯಲ್ಲಿ ಕರಣೆಯ ಹಿಡಿಯಿಂದ ಒಂದೊಂದೇ ಟೈಲನ್ನು ತಟ್ಟುತ್ತ ಹೋದರು. ಎಲ್ಲಾದರೂ ಪೊಳ್ಳು ಸದ್ದು ಬಂದರೆ ಆ ಟೈಲು ಮೂಲೆಗಳಲ್ಲಿ ಮಾತ್ರ ಕೂತಿದೆ, ನಡುವೆ ಗಾಳಿಯಿದೆ ಎಂದು ಅರ್ಥ. ಒಂದರಲ್ಲೂ ಬರಲಿಲ್ಲ. ಆದರೆ ಮರುದಿನ ಮೊದಲ ಸ್ನಾನ ಮಾಡಿದ ಅಳಿಯ, ಮೂಲೆಯಲ್ಲಿ ನಿಂತ ನೀರು ನೋಡಿ ಬಾಯಿ ತಡೆಯಲಾರದೆ, ಇಳಿಜಾರು ಸರಿಯಿಲ್ಲ ಅಂದುಬಿಟ್ಟಿದ್ದ. ಅಲ್ಲಿಂದ ಶುರು. ಎಂಟು ವರ್ಷದಲ್ಲಿ ಇಬ್ಬರೂ ಸೇರಿದ ದಿನವೆಲ್ಲ ಆ ಜಗಳಕ್ಕೆ ರಜೆಯಿರಲಿಲ್ಲ. ಅತ್ತೆ ಹೋದ ಮೇಲೆ ಮಾವ ಇಲ್ಲಿಗೇ ಬಂದು ಇರತೊಡಗಿದ ಈ ಮೂರು ವರ್ಷವಂತೂ ಬೆಳಗಿನ ಕಾಫಿಗೆ ಮೊದಲು ಅದು ಆಗಲೇಬೇಕು.

"ನೀರು ಎರಚೋದು ನೋಡು. ಎಮ್ಮೆ ಮೈ ತೊಳೀತಿದಾನೋ ಅನ್ಬೇಕು. ಒರೆಸಿ ಬಾ ಆಚೆಗೆ."

"ಒರೆಸೋದ್ಯಾಕೆ ಮಾವ? ಇಳಿಜಾರು ಸರಿಯಾಗಿದ್ರೆ ಅದೇ ಹೋಗುತ್ತೆ."

"ನನ್ನ ಇಳಿಜಾರಿನ ಸುದ್ದಿಗೆ ಬರಬೇಡ ನೋಡು. ನಾನೂರು ಮನೆ ನೆಲ ಹಾಕಿದೀನಿ."

"ಮುನ್ನೂರ ತೊಂಬತ್ತೊಂಬತ್ತು. ಇದೊಂದು ಬಿಟ್ಟು ಹೇಳಿ."

"ಬಿಲ್ಲೆ ಸಾಹೇಬ್ರು ಬಂದ್ರು ನನಗೆ ಪಾಠ ಹೇಳೋಕೆ!"

ಲ್ಯಾಬಿನಲ್ಲಿ ಅವನು ಬಿಳಿ ಬಿಲ್ಲೆಗಳನ್ನು ಬೇಯಿಸುತ್ತಾನೆಂದು ಅವರೇ ಇಟ್ಟ ಹೆಸರು ಅದು. ಈಗ ಅದೂ ನಿಂತಿದೆ. ಇವತ್ತು ತಿಂಡಿಯ ಮೇಜಿನಲ್ಲಿ ಮಾವ ಪೇಪರನ್ನು ಮಡಿಸಿ ಅವನ ಕಡೆ ಸರಿಸಿದರು. "ನೀವು ಓದಿ."

"ಇಲ್ಲ ಮಾವ, ನೀವು ಓದ್ತಿದ್ರಲ್ಲ."

"ನಂದಾಯ್ತು. ಓದಿ."

ಹಿಡಿದುಕೊಳ್ಳಲು ಎಲ್ಲೂ ಅಂಚು ಸಿಗದ ಮಾತು. ಹೆಂಡತಿ ಕನ್ನಡಕದ ಅಂಗಡಿಯ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲೂ ಇಬ್ಬರನ್ನೂ ಒಂದು ಸಲ ನೋಡಿ, "ಎಷ್ಟು ತಣ್ಣಗಿದೆಯಪ್ಪ ಮನೆ," ಅಂದಳು. "ನಿಮ್ಮಿಬ್ರಿಗೂ ಬುದ್ಧಿ ಬಂತೋ, ವಯಸ್ಸಾಯ್ತೋ?" ಹೇಳುವಾಗ ನಗಲಿಲ್ಲ. ಚೀಲದ ಜಿಪ್ಪನ್ನು ಎರಡು ಸಲ ಎಳೆದು ಮುಚ್ಚಿದಳು. ಅವನು ಶೂ ಹಾಕಿಕೊಳ್ಳುತ್ತ, ಮಧ್ಯಾಹ್ನ ಮೂರಕ್ಕೆ ಹೊರಗಿನ ದೊಡ್ಡವರು ತನ್ನ ಕೆಲಸ ನೋಡಲು ಬರುತ್ತಾರೆಂದು ಮಾವನಿಗೆ ಹೇಳಿದ. ಹೇಳಿ, ಕಾದ. ಬಿಲ್ಲೆ ತೋರಿಸ್ತೀಯೋ ಹಲ್ಲು ತೋರಿಸ್ತೀಯೋ ಎಂದು ಕೇಳಬೇಕಾದ ಜಾಗ ಅದು. ಮಾವ, "ಒಳ್ಳೇದಾಗ್ಲಿ," ಅಂದರು. ಶೂ ದಾರದ ಕುಣಿಕೆ ಎಳೆಯುತ್ತಿದ್ದ ಅವನ ಕೈ ಅಲ್ಲೇ ನಿಂತಿತು. ನಲವತ್ತೊಂದು ದಿನ. ಮಾವ ಹೀಗಾಗಿ ನಲವತ್ತೊಂದು ದಿನ, ಸಾಧುವಿಗೆ ನಲವತ್ತು. ಇವೆರಡನ್ನು ಅವನು ಈವರೆಗೆ ಒಟ್ಟಿಗೆ ಎಣಿಸಿರಲಿಲ್ಲ. ಎಣಿಸದ ಹಾಗೆ ಎಚ್ಚರ ವಹಿಸಿದ್ದ.

ಸಾಧು ಅಂದರೆ ಒಂದು ಸೆಲ್ಲು. ಎರಡು ಲಿಥಿಯಂ ಹಾಳೆಗಳ ನಡುವೆ ಅಂಗಿಯ ಗುಂಡಿಗಿಂತ ತುಸು ದೊಡ್ಡದಾದ ಬಿಳಿ ಪಿಂಗಾಣಿ ಬಿಲ್ಲೆ, ಅಷ್ಟೇ. ಫೋನಿನ ಬ್ಯಾಟರಿಯಲ್ಲಿ ಎರಡು ಎಲೆಕ್ಟ್ರೋಡುಗಳ ನಡುವೆ ದ್ರವ ಇರುತ್ತದೆ. ದ್ರವಕ್ಕೆ ಯಾರ ಪರಿಚಯವೂ ಬೇಡ, ಸಿಕ್ಕ ಸಂದಿಗೆಲ್ಲ ಹೊಕ್ಕು ಮುಟ್ಟಿಬಿಡುತ್ತದೆ. ಕೆಟ್ಟರೆ ಬೆಂಕಿಯೂ ಹತ್ತಿಕೊಳ್ಳುತ್ತದೆ. ಅದಕ್ಕೇ ಇವರ ಲ್ಯಾಬಿನಲ್ಲಿ ದ್ರವದ ಜಾಗಕ್ಕೆ ಬಿಲ್ಲೆ. ಆದರೆ ಗಟ್ಟಿಯಾದದ್ದು ಗಟ್ಟಿಯಾದದ್ದನ್ನು ಮುಟ್ಟುವುದು ಅಷ್ಟು ಸಲೀಸಲ್ಲ. ಕಣ್ಣಿಗೆ ಅಂಟಿಕೊಂಡಂತೆ ಕಾಣುತ್ತವೆ, ಒಳಗೆ ಹೋಗಿ ನೋಡಿದರೆ ಅಲ್ಲೊಂದು ಇಲ್ಲೊಂದು ದಿಬ್ಬದ ತುದಿ ತಾಗಿರುತ್ತದೆ, ಮಿಕ್ಕದ್ದೆಲ್ಲ ಬಯಲು. ಒತ್ತಬೇಕು. ಒತ್ತಿ ಹಿಡಿದಿದ್ದರೆ ಅವು ನಿಧಾನಕ್ಕೆ ಒಂದಕ್ಕೊಂದು ಒಗ್ಗುತ್ತವೆ. ಕೆಲವು ಸಲ ನಡುವೆ ಇಬ್ಬರಿಗೂ ಸೇರದ, ಇಬ್ಬರಿಂದಲೂ ಆದ ಒಂದು ತೆಳ್ಳನೆಯ ಪದರ ಹುಟ್ಟುತ್ತದೆ. ಅದು ಬೆಳೆಯುತ್ತಲೇ ಹೋದರೆ ಎರಡನ್ನೂ ತಿಂದುಹಾಕುತ್ತದೆ, ಒಂದು ಹಂತಕ್ಕೆ ನಿಂತರೆ ಎರಡನ್ನೂ ಕಾಯುತ್ತದೆ. ಕೂದಲೆಳೆಯ ನೂರರಲ್ಲೊಂದು ಪಾಲೂ ದಪ್ಪವಿಲ್ಲದ ಆ ನಡುವಿನ ಜಾಗದ ಹಿಂದೆ ಅವನ ಒಂಬತ್ತು ವರ್ಷ ಹೋಗಿತ್ತು.

ಪರೀಕ್ಷೆ ಸರಳ. ಒಂದು ಗಂಟೆ ಈ ಕಡೆಯಿಂದ ಆ ಕಡೆಗೆ ಕರೆಂಟು ತಳ್ಳುವುದು, ಇನ್ನೊಂದು ಗಂಟೆ ಆ ಕಡೆಯಿಂದ ಈ ಕಡೆಗೆ. ಸೆಲ್ಲು ಅಷ್ಟೋ ಇಷ್ಟೋ ತಡೆಯೊಡ್ಡುತ್ತದೆ. ಆ ತಡೆ ಪರದೆಯ ಮೇಲೆ ಮೆಟ್ಟಿಲಾಗಿ ಕಾಣುತ್ತದೆ. ಮೆಟ್ಟಿಲು ಗಿಡ್ಡವಿದ್ದಷ್ಟೂ ಒಳಗಿನ ಮುಟ್ಟುವಿಕೆ ಚೆನ್ನಾಗಿದೆ ಎಂದು ಅರ್ಥ. ಉಳಿದ ಸೆಲ್ಲುಗಳು ವಾರ ಕಳೆಯುವುದರೊಳಗೆ ರಚ್ಚೆ ಹಿಡಿಯುತ್ತಿದ್ದವು. ಇದು ಮಾತ್ರ ಮೊದಲ ಎರಡು ದಿನ ನಲವತ್ತಾರು ಮಿಲಿವೋಲ್ಟಿನಲ್ಲಿ ಗೊಣಗಿ, ಮೂರನೆಯ ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ಒಂಬತ್ತಕ್ಕೆ ಇಳಿದು, ಅಲ್ಲೇ ಕೂತುಬಿಟ್ಟಿತು. ಏರಲಿಲ್ಲ, ಇಳಿಯಲಿಲ್ಲ, ಸೊಟ್ಟಗಾಗಲಿಲ್ಲ. ಮೇಡಂ, ಅಂದರೆ ಲ್ಯಾಬಿನ ಮುಖ್ಯಸ್ಥೆ, ಹತ್ತನೆಯ ದಿನ ಬಂದು ನೋಡಿ, "ಇದೇನಪ್ಪ ಸಾಧು ಇದ್ದ ಹಾಗಿದೆ," ಅಂದರು. ಅಂದಿನಿಂದ ಅದೇ ಹೆಸರು. ಇಪ್ಪತ್ತೆಂಟನೆಯ ದಿನ ಗೆರೆಯನ್ನು ಪ್ರಿಂಟು ತೆಗೆದು ಕಾಫಿ ಮಷಿನ್ನಿನ ಮೇಲೆ ಅಂಟಿಸಿದರು, ಕೆಳಗೆ ಪೆನ್ನಿನಲ್ಲಿ ಒಂದು ನಗುಮುಖ ಬರೆದು. ಕಾಫಿಗೆ ಹೋದಾಗಲೆಲ್ಲ ಅವನು ಕಪ್ಪನ್ನೇ ನೋಡುತ್ತಿದ್ದ.

ಮೆಟ್ಟಿಲು ಗಿಡ್ಡವಾಗಲು ಇನ್ನೊಂದು ಕಾರಣವೂ ಇರಬಹುದು. ಲಿಥಿಯಂ ಮೆತ್ತನೆಯ ಲೋಹ, ಉಗುರಿನಲ್ಲಿ ಗೀರಿದರೆ ಗುರುತು ಬೀಳುತ್ತದೆ. ಬಿಲ್ಲೆಯೊಳಗಿನ ಬಿರುಕಿಗೆ ಅದರ ಒಂದು ಎಳೆ ನುಗ್ಗಿ ಆಚೆಯ ದಡ ಮುಟ್ಟಿತೆಂದರೆ ಮುಗಿಯಿತು. ಕರೆಂಟು ಆ ತಂತಿಯ ಮೇಲೆಯೇ ಆರಾಮಾಗಿ ಓಡಾಡುತ್ತದೆ. ಒಳಗೆ ದಾಟುವುದು, ತಡೆಯುವುದು, ಒಗ್ಗುವುದು ಎಲ್ಲ ನಿಂತುಹೋಗಿರುತ್ತದೆ. ಗೆರೆ ಮಾತ್ರ ಮಟ್ಟಸವಾಗಿ, ಸುಂದರವಾಗಿ ಬರುತ್ತಿರುತ್ತದೆ. ಸತ್ತ ಸೆಲ್ಲಿನಷ್ಟು ಶಾಂತವಾದದ್ದು ಇನ್ನೊಂದಿಲ್ಲ, ಅದನ್ನು ನೋಡಿ ಮೋಸ ಹೋಗಬೇಡ ಎಂಬುದು ಒಂಬತ್ತು ವರ್ಷದ ಹಿಂದೆ ಮೇಡಂ ಅವನಿಗೆ ಹೇಳಿಕೊಟ್ಟ ಮೊದಲ ಪಾಠ. ಕಂಡುಹಿಡಿಯುವುದೂ ಕಷ್ಟವಲ್ಲ. ಬಿಸಿ ಮಾಡಬೇಕು. ಜೀವವಿರುವ ಸೆಲ್ಲು ಬಿಸಿಗೆ ಸಡಿಲಾಗುತ್ತದೆ, ಮೆಟ್ಟಿಲು ಕಾಲುಭಾಗಕ್ಕೆ ಇಳಿಯುತ್ತದೆ. ಬರಿಯ ತಂತಿಯಾದರೆ ಇಳಿಯುವುದಿಲ್ಲ, ತುಸು ಏರುತ್ತದೆ. ಎರಡು ಗಂಟೆಯ ಕೆಲಸ. ಅದನ್ನು ಅವನು ನಲವತ್ತು ದಿನ ಮಾಡಿರಲಿಲ್ಲ. ಚೆನ್ನಾಗಿ ಓಡುತ್ತಿರುವುದನ್ನು ಯಾಕೆ ಅಲುಗಾಡಿಸಬೇಕು ಎಂದು ಎಲ್ಲರಿಗೂ ಹೇಳಿದ್ದ.

ಇವತ್ತು ಬಂದವನೇ, ಚೀಲವನ್ನೂ ಇಳಿಸದೆ, ಸಾಧುವನ್ನು ಅದರ ಉಕ್ಕಿನ ಕ್ಲಾಂಪಿನ ಸಮೇತ ಎತ್ತಿ ಓವನ್ನಿನೊಳಗೆ ಇಟ್ಟ. ತಂತಿಗಳನ್ನು ಹಿಂಬದಿಯ ತೂತಿನಿಂದ ಎಳೆದು ಮತ್ತೆ ಸಿಕ್ಕಿಸಿದ. ಅರವತ್ತು ಡಿಗ್ರಿಗೆ ತಿರುಗಿಸಿ, ಎದುರಿಗೆ ಕುರ್ಚಿ ಎಳೆದುಕೊಂಡು ಕೂತ. ಉಕ್ಕು ದಪ್ಪ, ಬಿಸಿಯಾಗಲು ಹೊತ್ತು ಬೇಕು. ಕ್ಲಾಂಪಿನ ನಾಲ್ಕು ಬೋಲ್ಟುಗಳು ಗಾಜಿನ ಬಾಗಿಲಿನಾಚೆ ನಾಲ್ಕು ಕಣ್ಣುಗಳ ಹಾಗೆ ಅವನನ್ನೇ ನೋಡುತ್ತಿದ್ದವು. ನಲವತ್ತೊಂದು ದಿನದ ಹಿಂದೆ ಊಟಕ್ಕೆ ಮೇಡಂ ಅವನ ಮನೆಗೆ ಬಂದಿದ್ದರು. ಮಾವನಿಗೆ ಹಿಗ್ಗು. ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ಅಳಿಯನ ಜೇಬಿನಿಂದ ಒಂದು ಬಿಲ್ಲೆಯನ್ನು ಈಸಿಕೊಂಡು, ತಟ್ಟೆಯ ಅಂಚಿಗೆ ತಟ್ಟಿ ಸದ್ದು ಕೇಳಿ, "ಚೆನ್ನಾಗಿ ಬೆಂದಿದೆ," ಎಂದು ತೀರ್ಪು ಕೊಟ್ಟರು. ಆಮೇಲೆ ಮೇಡಂ ಕಡೆ ತಿರುಗಿ, "ನಮ್ಮಲ್ಲೂ ಇದೇ ಕತೆ ನೋಡಿ ಮೇಡಂ. ಟೈಲು ಕೂರಬೇಕಾದ್ರೆ ಒತ್ತಲೇಬೇಕು. ಆದ್ರೆ ಎಲ್ಲಿಗೆ ನಿಲ್ಲಿಸ್ಬೇಕು ಅನ್ನೋದು ಕೈಗೆ ಗೊತ್ತಿರ್ಬೇಕು. ಜಾಸ್ತಿ ಒತ್ತಿದ್ರೋ, ಕೆಳಗಿನ ಸಿಮೆಂಟು ಸಂದಿಗೆ ನುಗ್ಗಿ ಮೇಲಕ್ಕೆ..." ಮೇಡಂ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು, "ಹೇಳಿ, ಹೇಳಿ," ಅನ್ನುತ್ತಿದ್ದರು. ನಿಜವಾಗಿ ಕೇಳುತ್ತಿದ್ದರು. ಅದು ಅವನಿಗೆ ಗೊತ್ತಾಗದೇ ಇರಲಿಲ್ಲ. ಬಹುಶಃ ಅದಕ್ಕೇ, ಒಂಬತ್ತು ವರ್ಷದಲ್ಲಿ ತನ್ನ ಮಾತನ್ನು ಅವರು ಹಾಗೆ ತುತ್ತು ಹಿಡಿದು ಕೇಳಿರಲಿಲ್ಲ ಎಂಬುದಕ್ಕೇ, ಅವನು ನಕ್ಕು, "ಮಾವ, ಇದು ಬಾತ್‌ರೂಮಿನ ನೆಲ ಅಲ್ಲ. ನಿಮಗೆ ಇದೆಲ್ಲ ಗೊತ್ತಾಗಲ್ಲ, ಅವರು ಊಟ ಮಾಡ್ಲಿ ಬಿಡಿ," ಅಂದ.

ಎಂಟು ವರ್ಷದಲ್ಲಿ ಎಷ್ಟೋ ಸಲ ಇದಕ್ಕಿಂತ ಕೆಟ್ಟದಾಗಿ ಅಂದಿದ್ದ. ಆದರೆ ಅದೆಲ್ಲ ಮನೆಯೊಳಗೆ, ಇಬ್ಬರ ನಡುವೆ. ಹೊರಗಿನವರ ಮುಂದೆ ಅದೇ ಮಾತು ಬೇರೆಯೇ ತೂಕ ಪಡೆದು ಮೇಜಿನ ಮೇಲೆ ಬಿತ್ತು. ಮಾವ ಬಿಲ್ಲೆಯನ್ನು ತಟ್ಟೆಯ ಪಕ್ಕದಲ್ಲಿಟ್ಟು ಒಂದೇ ಬೆರಳಿನಿಂದ ಅವನ ಕಡೆ ಸರಿಸಿದರು. ಸಿಮೆಂಟು ತಿಂದು ಬಿರುಕು ಬಿಟ್ಟ ಬೆರಳು. "ಹೌದ್ಹೌದು. ನಾನೊಬ್ಬ," ಅಂದು ನಕ್ಕರು. ಹೆಂಡತಿ ತಲೆಯೆತ್ತಲಿಲ್ಲ. ಮರುದಿನ ಬೆಳಿಗ್ಗೆ ಬಾತ್‌ರೂಮಿನ ನೆಲ ಒಣಗಿತ್ತು.

ಅದೇ ದಿನ ಅವನು ಸಾಧುವನ್ನು ಕಟ್ಟಿದ. ಗಾಳಿ ಸೋಕದ ಗಾಜಿನ ಪೆಟ್ಟಿಗೆಯ ರಬ್ಬರ್ ತೋಳುಗಳಲ್ಲಿ ಕೈ ತೂರಿಸಿ, ಲಿಥಿಯಂ ಮೇಲಿನ ಕಪ್ಪನ್ನು ಕೆರೆದು ಬೆಳ್ಳಗೆ ಮಾಡಿ, ನಡುವೆ ಬಿಲ್ಲೆಯಿಟ್ಟು, ಕ್ಲಾಂಪಿಗೆ ಹಾಕಿ, ಬೋಲ್ಟು ಬಿಗಿದ. ಬೇಕಾದಷ್ಟು ಬಿಗಿಯಾದ ಕೂಡಲೇ ಸ್ಪಾನರು 'ಕಟ್' ಎನ್ನುತ್ತದೆ. ಅಂದಮೇಲೆ ಕೈ ತೆಗೆಯಬೇಕು. ಕಟ್ ಅಂದಿತು. ಎಲ್ಲಿಗೆ ನಿಲ್ಲಿಸ್ಬೇಕು ಅನ್ನೋದು ಕೈಗೆ ಗೊತ್ತಿರ್ಬೇಕು, ಎಂದಿತು ಕಿವಿಯೊಳಗೆ ಮಾವನ ದನಿ. ಅವನು ಹಲ್ಲು ಕಚ್ಚಿ ಇನ್ನೂ ಕಾಲು ಸುತ್ತು ತಿರುಗಿಸಿದ. ನಾಲ್ಕೂ ಬೋಲ್ಟುಗಳಿಗೆ, ಒಂದೊಂದಾಗಿ, ಪಾಠ ಕಲಿಸುವವನ ಹಾಗೆ.

ಹನ್ನೊಂದು ಗಂಟೆಗೆ ಓವನ್ನು ಅರವತ್ತು ತೋರಿಸಿತು. ಪರದೆಯ ಮೇಲೆ ಮೆಟ್ಟಿಲು ಒಂಬತ್ತರಲ್ಲೇ ಇತ್ತು. ಉಕ್ಕಿನ ಒಳಗೆ ಇನ್ನೂ ಕಾವು ಇಳಿದಿಲ್ಲವೇನೋ. ಇನ್ನು ಹತ್ತು ನಿಮಿಷ. ಇಳಿ, ಎಂದು ಅವನು ಮೆಲ್ಲಗೆ ಅಂದ, ಹಟ ಹಿಡಿದ ಮಗುವಿಗೆ ಅನ್ನುವ ಹಾಗೆ. ಇಳಿ ಮಾರಾಯ, ಒಂದೆರಡಾದರೂ ಇಳಿ. ಹನ್ನೊಂದೂ ಇಪ್ಪತ್ತಕ್ಕೆ ಅಂಕಿ ಅಲುಗಿತು. ಹತ್ತು.

ಮೇಡಂ ಕೋಣೆಯಲ್ಲಿ ಮಧ್ಯಾಹ್ನ ತೋರಿಸಬೇಕಾದ ಚಿತ್ರಗಳನ್ನು ಸರಿಪಡಿಸುತ್ತ ಕೂತಿದ್ದರು. ಐದನೆಯ ಚಿತ್ರ ಸಾಧು. ಅವನು ಬಾಗಿಲಲ್ಲೇ ನಿಂತು ಹೇಳಿದ, ಒಂದೇ ಉಸಿರಿಗೆ. ಬಿಸಿ ಮಾಡಿದ್ದು, ಏರಿದ್ದು, ಕಾಲು ಸುತ್ತು. ಕೀಬೋರ್ಡಿನ ಮೇಲೆ ಅವರ ಬೆರಳುಗಳು ನಿಂತವು.

"ಯಾವತ್ತಿಂದ?"

"ಮೂರನೇ ದಿನದಿಂದ ಮೇಡಂ."

"ಮೂರನೇ ದಿನಾನೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಅನ್ನೋಕಾಗಲ್ಲ." ಅವನು ನೆಲ ನೋಡಿದ. "ಗೊತ್ತಾಗದ ಹಾಗೆ ನೋಡ್ಕೊಂಡೆ."

ಮೇಡಂ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಆಯಾಸವಿತ್ತು, ಮೆಟ್ಟಿಲು ಹತ್ತಿ ಬಂದ ಮೇಲೆ ಇದು ನಮ್ಮ ಮಹಡಿಯಲ್ಲ ಎಂದು ತಿಳಿದವರ ಆಯಾಸ. ಎದ್ದು ಹೋದರು. ಕಾಫಿ ಮಷಿನ್ನಿನ ಮೇಲಿನ ಹಾಳೆಯನ್ನು ಕಿತ್ತು ತಂದು ಮೇಜಿನ ಮೇಲಿಟ್ಟು, ತಾವೇ ಬರೆದ ನಗುಮುಖವನ್ನು ನೋಡಿದರು. "ಹನ್ನೆರಡು ದಿನ ದಿನಕ್ಕೆ ಮೂರು ಸಲ ಕಾಫಿ ಕುಡಿದಿದೀನಿ ಇದರ ಮುಂದೆ. ಬಿಸಿ ಮಾಡಿ ನೋಡಿದ್ಯೇನೋ ಅಂತ ಒಂದು ಸಲನೂ ಕೇಳಲಿಲ್ಲ. ಯಾಕೆ ಹೇಳು?"

"ಮೇಡಂ..."

"ಸುಮ್ನಿರು. ಸಮಾಧಾನ ಮಾಡಬೇಡ, ಮೈ ಉರಿಯುತ್ತೆ." ಆಮೇಲೆ, ಸ್ವಲ್ಪ ತಗ್ಗಿದ ದನಿಯಲ್ಲಿ, "ಐದನೇ ಚಿತ್ರ ಹಾಗೇ ಇರ್ಲಿ. ಮಧ್ಯಾಹ್ನ ಅದನ್ನ ನೀನೇ ಹೇಳ್ತೀಯ. ನಾನು ಪಕ್ಕದಲ್ಲಿ ಕೂತಿರ್ತೀನಿ, ಓಡಿಹೋಗೋ ಹಾಗಿಲ್ಲ."

ಮೂರು ಗಂಟೆಗೆ ಅವನು ಎದ್ದು ನಿಂತಾಗ ಕೋಣೆಯಲ್ಲಿ ಏಳು ಮಂದಿ ಇದ್ದರು, ಒಬ್ಬರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಅದು ಮುರಿದು ಬಿದ್ದದ್ದನ್ನು ಚಮಚದಲ್ಲಿ ಹುಡುಕುತ್ತಿದ್ದರು. ಅವನು ಮಟ್ಟಸ ಗೆರೆಯನ್ನು ತೋರಿಸಿ, ಇದು ಸತ್ತಿದೆ ಅಂದ. ಚಮಚ ನಿಂತಿತು. ತಾನು ಏನೇನು ಹೇಳುತ್ತಿದ್ದೇನೆಂದು ಅವನಿಗೇ ದೂರದಿಂದ ಕೇಳಿಸುತ್ತಿತ್ತು. "ಹಾಗಾದ್ರೆ ನಾವು ನೋಡೋಕೆ ಬಂದಿದ್ದೇನನ್ನ?" ಎಂದರು ಚಮಚದವರು. ಯಾರೋ ನಕ್ಕರು. ಮೇಡಂ ಕೂತಲ್ಲಿಂದಲೇ, "ಸತ್ತಿರೋದನ್ನ ಗುರುತಿಸೋದು ಹೇಗೆ ಅಂತ. ನಮ್ಮ ಕ್ಷೇತ್ರದಲ್ಲಿ ಇಂಥ ಸಾಧುಗಳು ಬೇಕಾದಷ್ಟಿದಾವೆ, ಹೇಳೋರು ಕಮ್ಮಿ," ಅಂದರು. ಇನ್ನೊಬ್ಬಾಕೆ, ಅಲ್ಲಿಯವರೆಗೆ ಸುಮ್ಮನೆ ಬರೆದುಕೊಳ್ಳುತ್ತಿದ್ದವರು, ಎಷ್ಟು ಒತ್ತಿದರೆ ಸರಿ ಎಂದು ಕೇಳಿದರು. ಅವನು ಅಂಕಿ ಹೇಳಿದ. ಹೇಳಿ ಕೂರಬಹುದಿತ್ತು. ಆದರೆ ಕೂರಲಿಲ್ಲ. "ನಮ್ಮ ಮಾವ ಟೈಲ್ಸ್ ಹಾಕುವವರು," ಅಂದ. ಕೋಣೆ ತನ್ನನ್ನು ವಿಚಿತ್ರವಾಗಿ ನೋಡುತ್ತಿದೆ ಅನ್ನಿಸಿತು, ಅನ್ನಿಸಲಿ ಎಂದುಕೊಂಡ. "ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದು ಕೈಗೆ ಗೊತ್ತಿರಬೇಕು, ಜಾಸ್ತಿಯಾದ್ರೆ ಕೆಳಗಿನದು ಸಂದಿಗೆ ನುಗ್ಗುತ್ತೆ ಅಂತ ಈ ಸೆಲ್ಲು ಕಟ್ಟೋ ಹಿಂದಿನ ದಿನವೇ ಹೇಳಿದ್ರು. ನಾನು ಕೇಳಲಿಲ್ಲ." ಆಕೆ ಅದನ್ನೂ ಬರೆದುಕೊಂಡರು. ಮೇಡಂ ಅವನ ಕಡೆ ನೋಡಲಿಲ್ಲ, ತಮ್ಮ ಬಿಸ್ಕತ್ತನ್ನು ಅವನ ತಟ್ಟೆಗೆ ಹಾಕಿದರು.

ಸಂಜೆ ಅವನು ಸಾಧುವನ್ನು ಬಿಚ್ಚಿದ. ಲಿಥಿಯಂ ಕೆರೆದು ತೊಳೆದು ಬಿಲ್ಲೆಯನ್ನು ಬೆಳಕಿಗೆ ಹಿಡಿದಾಗ ಅದರ ಬಿಳುಪಿನೊಳಗೆ ಕಪ್ಪಗೆ ಒಂದು ಗೆರೆ ಕಂಡಿತು, ಕವಲೊಡೆದು, ಈ ದಡದಿಂದ ಆ ದಡಕ್ಕೆ. ಅದನ್ನು ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಿಯಲ್ಲಿ ಹಾಕಿ ಜೇಬಿಗಿಟ್ಟುಕೊಂಡ. ಬಸ್ಸಿನಲ್ಲಿ ಉದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡ. ಮೊದಲು ಕ್ಷಮೆ. ಬೆಚ್ಚಗಿನ ಮಾತು. ಮನೆಯಲ್ಲಿ ಮಾವ ಕಿಟಕಿಯ ಪಕ್ಕ ಕೂತು ಕೈಬೆರಳಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಅವನು ಎದುರಿನ ಸ್ಟೂಲಿನ ಮೇಲೆ ಕೂತ.

"ಮಾವ, ಅವತ್ತು ಊಟದ ದಿನ ನಾನು ಹಾಗನ್ನಬಾರದಿತ್ತು. ತಪ್ಪಾಯ್ತು."

"ಅಯ್ಯೋ, ಅದೆಲ್ಲ ಏನಿಲ್ಲ ಬಿಡಿ," ಎಂದರು ಮಾವ, ತುಂಬ ಮೃದುವಾಗಿ. "ಸುಸ್ತಾಗಿದೀರ. ಕಾಫಿ ತಗೊಳ್ಳಿ."

ಅವನ ಎದೆಯಲ್ಲಿ ಪರದೆಯ ಅಂಕಿ ಒಂಬತ್ತರಿಂದ ಹತ್ತಕ್ಕೆ ಏರಿತು. ಹಾಗಾದರೆ ಮುಗಿಯಿತೇ? ಇನ್ನು ಮುಂದೆ ಬೆಳಿಗ್ಗೆ ಬೆಳಿಗ್ಗೆ ಒಣಗಿದ ನೆಲ, ಮಡಿಸಿದ ಪೇಪರು, ಒಳ್ಳೇದಾಗ್ಲಿ. ಈ ಮನುಷ್ಯ ಇದೇ ಮನೆಯಲ್ಲಿ, ಇದೇ ಕುರ್ಚಿಯಲ್ಲಿ ಇದ್ದುಕೊಂಡೇ ಇಲ್ಲವಾಗಿಬಿಡುತ್ತಾರೆ, ಮಟ್ಟಸವಾಗಿ, ಸುಂದರವಾಗಿ. ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು. ಅವನು ಜೇಬಿನಿಂದ ಡಬ್ಬಿ ತೆಗೆದು, ಬಿಲ್ಲೆಯನ್ನು ಮಾವನ ಎಣ್ಣೆಗೈಯ ಪಕ್ಕ, ಕಿಟಕಿಯ ಕಟ್ಟೆಯ ಮೇಲಿಟ್ಟ.

ಮಾವ ಮುಟ್ಟಲಿಲ್ಲ. ಒಂದು ಸಲ ನೋಡಿ ರಸ್ತೆಯ ಕಡೆ ತಿರುಗಿದರು. ಆಮೇಲೆ ಮತ್ತೆ ನೋಡಿದರು. ಆಮೇಲೆ, ತಡೆಯಲಾರದೆ, ಬೆರಳನ್ನು ಪಂಚೆಗೆ ಒರೆಸಿ, ಕನ್ನಡಕ ಹಾಕಿಕೊಂಡು ಎತ್ತಿಕೊಂಡರು. ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದರು.

"ಒಡೆದಿದೆ ಇದು."

"ಹೌದು."

"ಏನಿದು ಕರೀ ಗೆರೆ?"

"ಲಿಥಿಯಂ ಮಾವ. ಸಂದಿಗೆ ನುಗ್ಗಿರೋದು."

"ಯಾಕೆ ನುಗ್ತು?"

"ಜಾಸ್ತಿ ಒತ್ತಿದೆ. ಸ್ಪಾನರು ಕಟ್ ಅಂದ್ಮೇಲೂ ಕಾಲು ಸುತ್ತು."

"ಕಟ್ ಅಂದ್ಮೇಲೆ ಯಾಕೆ?"

"ನೀವು ಜಾಸ್ತಿ ಒತ್ತಬಾರದು ಅಂದಿದ್ರಲ್ಲ," ಎಂದ ಅವನು. "ಅದಕ್ಕೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮಾವ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು, ಬಿಲ್ಲೆಯನ್ನು ನೋಡಿದರು, ಮತ್ತೆ ಅವನನ್ನು.

"ಅಂದ್ರೆ, ನನ್ನ ಮೇಲಿನ ಸಿಟ್ಟಿಗೆ ಒಳ್ಳೇ ಬಿಲ್ಲೆ ಹಾಳ್ಮಾಡಿದೀಯ."

"ಹೂಂ."

"ಕತ್ತೆ," ಎಂದರು ಮಾವ. ಮೊದಲ ಸಲ ಮೆಲ್ಲಗೆ, ಸದ್ದು ಸರಿಯಿದೆಯೇ ಎಂದು ತಟ್ಟಿ ನೋಡುವವರ ಹಾಗೆ. ಆಮೇಲೆ ಜೋರಾಗಿ. "ಕತ್ತೆ! ಇಷ್ಟು ಓದಿ, ಇಷ್ಟು ಬೆಳೆದು! ನಮ್ಮ ಕೆಲಸದಲ್ಲಿ ಹೀಗೆ ಮಾಡಿದ್ರೆ ಮಧ್ಯಾಹ್ನದೊಳಗೆ ಮನೆಗೆ ಕಳಿಸ್ತಿದ್ವಿ. ಮೇಡಂ ಏನಂದ್ರು? ಬಂದೋರ ಮುಂದೆ ಮುಚ್ಚಿಟ್ಟೆಯಾ?"

"ಇಲ್ಲ. ಎಲ್ಲ ಹೇಳ್ದೆ. ನೀವು ಹೇಳಿದ್ದನ್ನೂ ಹೇಳ್ದೆ. ಒಬ್ರು ಬರ್ಕೊಂಡ್ರು."

ಮಾವ ಬಿಲ್ಲೆಯನ್ನು ಅಂಗೈಯಲ್ಲಿ ತಿರುವಿದರು. "ಬರ್ಕೊಂಡ್ರಾ? ಏನಂತ ಹೇಳ್ದೆ? ಸರಿಯಾಗಿ ಹೇಳು."

"ಎಲ್ಲಿ ನಿಲ್ಲಿಸ್ಬೇಕು ಅನ್ನೋದು ಕೈಗೆ ಗೊತ್ತಿರ್ಬೇಕು ಅಂತ."

"ಕೈಗೆ?" ಮಾವ ಎದ್ದೇ ನಿಂತರು, ಮೊಣಕಾಲು ಹಿಡಿದುಕೊಂಡು. "ಕೈಗೆ ಅಂತ ಯಾವನಯ್ಯ ಹೇಳಿದ್ದು? ಮಣಿಕಟ್ಟಿಗೆ! ಕೈಯಲ್ಲಿ ಒತ್ತೋದು, ಮಣಿಕಟ್ಟಲ್ಲಿ ನಿಲ್ಲಿಸೋದು. ಅದನ್ನೂ ತಪ್ಪು ಹೇಳ್ಬಿಟ್ಟು ಬಂದಿದೀಯ, ಅವರು ಬೇರೆ ಬರ್ಕೊಂಡಿದಾರೆ!"

"ಕೈಗೆ ಅಂತಾನೇ ಅಂದಿದ್ರಿ ಮಾವ. ನಾನು ಕಿವಿಯಾರೆ ಕೇಳಿದೀನಿ."

"ಮಣಿಕಟ್ಟು ಅಂದಿದ್ದೆ!"

"ಕೈ."

"ಇಡೀ ಮಾತು ಕೇಳೋಕೆ ನಿನ್ನ ಬಾಯಿ ಬಿಟ್ಟಿದ್ರೆ ತಾನೆ! ಬಿಲ್ಲೆ ಸಾಹೇಬ್ರಂತೆ. ನಾಳೆ ಹೋಗಿ ತಿದ್ದಿಸ್ಬೇಕು, ನನ್ನ ಮರ್ಯಾದೆ ಪ್ರಶ್ನೆ."

"ನಿಮ್ಮ ಮರ್ಯಾದೆ ಬಾತ್‌ರೂಮಿನ ಮೂಲೇಲಿ ನಿಂತಿದೆ, ದಿನಾ ನೀವೇ ಒರೆಸ್ತಿದೀರ," ಎಂದ ಅವನು.

ಮಾವನ ಮುಖ ಕೆಂಪಾಯಿತು. "ಬಾ ಇಲ್ಲಿ," ಎಂದು ಅವನ ತೋಳು ಹಿಡಿದು, ಎಣ್ಣೆಯ ಬೆರಳುಗಳ ಗುರುತು ಶರಟಿಗೆ ಅಂಟಿಸುತ್ತ, ಬಾತ್‌ರೂಮಿನವರೆಗೆ ಎಳೆದುಕೊಂಡು ಹೋದರು. ಚೊಂಬು ತುಂಬಿ ಮೂಲೆಗೆ ಸುರಿದರು. "ನೋಡು. ಕಣ್ಬಿಟ್ಟು ನೋಡು." ಹೆಂಡತಿ ಕೈಯಲ್ಲಿ ಸೌಟು ಹಿಡಿದು ಬಂದು, "ಶುರುವಾಯ್ತಾ?" ಎಂದು ಗದರಿದಳು, ಗದರಿ, ಹೋಗದೆ, ಇಬ್ಬರ ನಡುವೆ ತಲೆ ತೂರಿಸಿ ತಾನೂ ನೋಡಿದಳು. ನೀರು ಒಂದು ಗಳಿಗೆ ಎಲ್ಲ ಕಡೆಗೂ ಹರಡಿ, ಸುಮ್ಮನಾಯಿತು. ಆಮೇಲೆ ಅದರಿಂದ ಒಂದು ಎಳೆ ಹೊರಟು, ಎರಡು ಟೈಲುಗಳ ನಡುವಿನ ಸಂದಿ ಹಿಡಿದು ಜಾಲರಿಯ ಕಡೆಗೆ ಅರ್ಧ ದಾರಿ ಬಂದು, ನಿಂತಿತು.

"ಹೋಗ್ತಿದೆ ನೋಡು."

"ಎಲ್ಲಿ ಮಾವ? ನಿಂತಿದೆ."

"ಯೋಚನೆ ಮಾಡ್ತಿದೆ. ತಡಿ."

ಮೂವರೂ ತಡೆದರು. ನೀರು ಯೋಚನೆ ಮಾಡುತ್ತಲೇ ಇತ್ತು. ಅವನು ಕೈ ಚಾಚಿ ಕಿಟಕಿಯ ಸರಳಿನಿಂದ ಬಟ್ಟೆ ಎಳೆದುಕೊಂಡು ಬಗ್ಗಿದ. ಮಾವ ಅದನ್ನು ಕಿತ್ತುಕೊಂಡು ಅವನ ತಲೆಯ ಮೇಲೆ ಒಂದು ಏಟು ಹಾಕಿದರು. "ಮುಟ್ಟಬೇಡ. ಬೆಳಿಗ್ಗೆವರೆಗೂ ಹಾಗೇ ಇರ್ಲಿ. ಬೆಳಿಗ್ಗೆ ಎದ್ದು ನೋಡೋಣ, ನನ್ನ ಇಳಿಜಾರೋ ನಿನ್ನ ಬಾಯೋ."